ಮೀನಿನ ವಾಸನೆ ಇಲ್ಲದ ಬಂದರು

ಇಂದಿರಾನಗರ

ನನ್ನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗುತ್ತಾರಂತೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ. ಶಿವಾಜಿನಗರದ ಮಾರುಕಟ್ಟೆಯಲ್ಲಿ ಮೀನಿನ ಅಂಗಡಿ ನಡೆಸುವ ನನ್ನ ಅಣ್ಣ ಬಂಗುಡೆಯ ಕಿವಿರು ಎತ್ತಿ ನೋಡುತ್ತಲೇ, "ಕಾಯ್ಕು ಲೇಕೊ ಜಾರೈಂ, ಪೂಚಿ ಕ್ಯಾ?" ಎಂದ. ಯಾತಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ, ಕೇಳಿದೆಯಾ ಎಂದು. ಕೇಳಿದ್ದೆ. ಸಿಕ್ಕ ಉತ್ತರ ನನಗೂ ಪೂರ್ತಿ ಸಮಾಧಾನ ತಂದಿರಲಿಲ್ಲ.

ನಾನು ಅನುವಾದದ ಕೆಲಸ ಮಾಡುವವಳು. ಲಿಂಗರಾಜಪುರದ ಮನೆಯೊಳಗೆ ದಖ್ಖನಿ, ಬಾಗಿಲು ದಾಟಿದರೆ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷು. ಇಪ್ಪತ್ತು ವರ್ಷದಿಂದ ನೋಟಿಸು, ಕರಾರು, ಸಭೆಯ ನಡಾವಳಿಗಳನ್ನೇ ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದೇನೆ. ಟಿನ್ ಫ್ಯಾಕ್ಟರಿಯ ಹತ್ತಿರ ಒಮ್ಮೆ ಅಂಗಡಿ ಖಾಲಿ ಮಾಡಬೇಕಾಗಿದ್ದವರಿಗೆ ನೋಟಿಸು ಓದಿ ಹೇಳಿದವಳೂ ನಾನೇ. ನೋಟಿಸಿನ ಭಾಷೆ ಎಷ್ಟು ನಯವಾಗಿತ್ತೆಂದರೆ, ಕೇಳಿದವರು ನನಗೆ ಕೈಮುಗಿದು ಹೋದರು. ಅಂದಿನಿಂದ ಯಾರಾದರೂ ನಯವಾಗಿ ಮಾತಾಡಿದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಹುಡುಕುವುದು ನನಗೆ ಚಟವಾಗಿದೆ.

ಇಂದಿರಾನಗರದ ಕಚೇರಿಯಲ್ಲಿ ರೋಹಿತ್ ನಯವಾಗಿಯೇ ಮಾತಾಡಿದ. ಮೂವತ್ತರ ಆಸುಪಾಸಿನವನು, ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತಯಾರಿಸುವ ಕಂಪನಿಗಳಿಗೆ ಸಲಹೆ ಕೊಡುವ ಕಚೇರಿ ಅವನದು. ಉಡುಪಿ ಕಡೆಯ ಒಂದು ಮೀನುಗಾರರ ಊರಿನೆದುರು ಅಂಥ ಯಂತ್ರಗಳನ್ನು ನಿಲ್ಲಿಸುವ ಯೋಚನೆಯಿತ್ತು. ಊರಿನವರು ಒಪ್ಪಿರಲಿಲ್ಲ.

"ಅದಕ್ಕೇ ಮೇಡಂ, ಇಬ್ಬರನ್ನ ಕರ್ಕೊಂಡು ಹೋಗಿ ತೋರಿಸ್ತೀವಿ. ಅಲ್ಲಿ ಮೀನುಗಾರರೂ ಇದ್ದಾರೆ, ವಿಂಡ್‌ಮಿಲ್ಲೂ ಇದೆ. ಕಣ್ಣಾರೆ ನೋಡ್ಲಿ. ನೀವು ಜೊತೇಲಿದ್ದು ಮಾತು ದಾಟಿಸಿದ್ರೆ ಸಾಕು."

"ನೋಡಿ ಬಂದ ಮೇಲೆ ಏನಾದ್ರೂ ಸಹಿ ಹಾಕ್ಬೇಕಾ ಅವರು?"

"ಒಂದು ಸಣ್ಣ ಭೇಟಿ ಪತ್ರ ಅಷ್ಟೇ," ಎಂದ. ಆ "ಅಷ್ಟೇ" ನನ್ನ ಕಿವಿಗೆ ಚುಚ್ಚಿತು. ಪತ್ರದ ಕರಡನ್ನು ಕೇಳಿ ತೆಗೆದುಕೊಂಡು ಬಂದು ಎರಡು ಸಲ ಓದಿದೆ. ತಪ್ಪೇನೂ ಕಾಣಿಸಲಿಲ್ಲ. ಅದು ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಲಂಡನ್ ವಿಮಾನ ನಿಲ್ದಾಣ

ಜೂನ್ ತಿಂಗಳು. ನಮ್ಮ ಕರಾವಳಿಯಲ್ಲಿ ಆಗ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲವಾದ್ದರಿಂದ ವಾಸಣ್ಣನಿಗೆ ಬಿಡುವಿತ್ತು. ವಾಸಣ್ಣ ಮೂವತ್ತು ವರ್ಷದಿಂದ ತಾಂಡೇಲ, ಅಂದರೆ ದೋಣಿ ನಡೆಸುವವರು. ಈಗ ಸ್ವಂತ ದೋಣಿಯೂ ಇದೆ. ಜೊತೆಗೆ ಬಂದವರು ಜಲಜಕ್ಕ. ದಡಕ್ಕೆ ಬಂದ ಮೀನನ್ನು ಕೊಂಡು ಬುಟ್ಟಿಯಲ್ಲಿ ಹೊತ್ತು ಮಾರುವುದು, ಮಾರಿ ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುವುದು, ಹೀಗೆ ನಲವತ್ತು ವರ್ಷ ಕಳೆದವರು.

ವಾಸಣ್ಣನ ಮೇಲೆ ನನಗೆ ಬೆಂಗಳೂರಿನಲ್ಲೇ ಅನುಮಾನ ಬಂದಿತ್ತು. ರೋಹಿತ್ ಹೇಳಿದ್ದಕ್ಕೆಲ್ಲ "ಹೌದೌದು" ಎನ್ನುತ್ತಿದ್ದರು. ರೋಹಿತ್ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಇವರಿಗೆ ಮೊದಲೇ ಏನೋ ಆಸೆ ತೋರಿಸಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಲಂಡನ್ನಿನಲ್ಲಿ ತಪಾಸಣೆಯವನು ಜಲಜಕ್ಕನ ಚೀಲವನ್ನು ಬದಿಗೆ ತೆಗೆದಿಟ್ಟ. ಒಳಗೆ ಒಣಸಿಗಡಿ ಚಟ್ನಿಪುಡಿಯ ಡಬ್ಬ. ಅವನು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ, ಮೂರು ಸಲ ಸೀನಿದ, ಕಣ್ಣೀರು ಒರೆಸಿಕೊಂಡು ಇದೇನೆಂದು ಕೇಳಿದ. ನಾನು ಹೇಳಿದೆ. ಅವನು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ವಾಪಸು ಕೊಟ್ಟ.

"ಎಂತ ಹೇಳಿದ?" ಎಂದರು ಜಲಜಕ್ಕ.

"ತಗೊಂಡು ಹೋಗಬಹುದಂತೆ."

"ಅಷ್ಟು ಸುಲಭಕ್ಕೆ ಬಿಟ್ಟನಾ?" ಎಂದು ಅವರು ಹೊರಗೆ ಬರುವ ತನಕ ಹಿಂತಿರುಗಿ ನೋಡುತ್ತಲೇ ಇದ್ದರು. ಇವರ ಜೊತೆ ನನಗೆ ಹೊಂದಿಕೆಯಾಗುತ್ತದೆ ಅನ್ನಿಸಿತು.

ಬಂದರು, ಮೊದಲ ದಿನ

ನಾವು ಹೋದದ್ದು ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಬಂದರಿಗೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಕೆಲವರು ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿದ್ದಾರೆ. ನನ್ನಿಂದ ಅವರಿಗೆ ತೊಂದರೆಯಾಗುವುದು ಬೇಡ.

ನಮ್ಮ ಕಡೆಯ ಸರ್ವಜ್ಞನಗರದ ಹಳೆಯ ಬೀದಿಗಳಲ್ಲಿ ಫ್ಲ್ಯಾಟುಗಳ ನಡುವೆ ಇನ್ನೂ ಉಳಿದಿರುವ ಮನೆಗಳಂಥವೇ ಮನೆಗಳು, ಆದರೆ ಒಂದಕ್ಕೊಂದು ಅಂಟಿಕೊಂಡು, ಎಲ್ಲವೂ ಒಂದೇ ಅಚ್ಚಿನವು. ಬೀದಿಯಲ್ಲಿ ಜನರ ಸದ್ದಿಲ್ಲ. ಎದುರಿಗೆ ಬಂದವರೆಲ್ಲ ನಮಗೆ ತಾಕದೆಯೇ "ಸಾರಿ" ಎನ್ನುತ್ತಾರೆ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಕಾಲು ತುಳಿದವರೂ ಆ ಮಾತು ಆಡುವುದಿಲ್ಲ, ಆದರೆ ನಮ್ಮ ಚೀಲವನ್ನು ತಾವಾಗಿಯೇ ಮೇಲಕ್ಕೆ ಎತ್ತಿ ಕೊಡುತ್ತಾರೆ. ತಪ್ಪೇ ಮಾಡದೆ ಕ್ಷಮೆ ಕೇಳುವವರನ್ನು ಹೇಗೆ ನಂಬುವುದೆಂದು ನನಗೆ ತಿಳಿಯಲಿಲ್ಲ.

ದಡದಿಂದಲೇ ಗಾಳಿಯಂತ್ರಗಳು ಕಾಣುತ್ತಿದ್ದವು. ದೂರದಲ್ಲಿ, ಬೂದು ನೀರಿನ ಮೇಲೆ, ಬಿಳಿ ಕಂಬಗಳ ಸಾಲು. "ಈ ಊರಲ್ಲಿ ಇಷ್ಟು ಚಳಿ ಯಾಕೆ ಅಂತ ಈಗ ಗೊತ್ತಾಯ್ತು, ಇಷ್ಟು ಫ್ಯಾನು ಹಾಕಿದ್ದಾರಲ್ಲ," ಎಂದರು ವಾಸಣ್ಣ. ರೋಹಿತ್ ಜೋರಾಗಿ ನಕ್ಕ. ನಾನು ನಗಲಿಲ್ಲ.

ಮಧ್ಯಾಹ್ನ ರೋಹಿತ್ ಬಂದರಿನ ಅಂಗಡಿಯಲ್ಲಿ ಕರಿದ ಮೀನು ಕೊಡಿಸಿದ. ಬಿಳಿ ತುಂಡು, ಮುಳ್ಳಿಲ್ಲ, ಚರ್ಮವಿಲ್ಲ. ಜಲಜಕ್ಕ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ತಲೆ ನೋಡದೆ ಮೀನು ತಿನ್ನುದು ಹೇಗೆ? ಎಲ್ಲಿಯ ಮೀನು ಇದು, ಕೇಳಿ."

ಕೇಳಿದೆ. ಅಂಗಡಿಯವಳು ಯಾವ ಸಂಕೋಚವೂ ಇಲ್ಲದೆ ನಾರ್ವೆಯದು ಎಂದಳು, ಹೆಪ್ಪುಗಟ್ಟಿಸಿ ಬರುತ್ತದಂತೆ. ಬಂದರಿನ ಎದುರಿಗೇ ಕೂತು ಬೇರೆ ದೇಶದ ಮೀನು. ರೋಹಿತ್ ಅಂಗಡಿಯ ಗೋಡೆಯ ಚಿತ್ರಗಳನ್ನು ನೋಡತೊಡಗಿದ.

ಅತಿಥಿಗೃಹ

ಮರುದಿನ ಬೆಳಿಗ್ಗೆ ವಾಸಣ್ಣ ಕೋಣೆಯಲ್ಲಿ ದೇವರ ಫೋಟೋ ಇಟ್ಟು ಎರಡು ಊದುಬತ್ತಿ ಹಚ್ಚಿದರು. ಬೆಂಕಿಯ ಗಂಟೆ ಇಡೀ ಕಟ್ಟಡದಲ್ಲಿ ಹೊಡೆದುಕೊಂಡಿತು. ಗಾಳಿಯಂತ್ರಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳು ಬರಿಗಾಲಲ್ಲಿ ಬೀದಿಗೆ ಬಂದು ನಿಂತರು. ಅಡುಗೆಯ ಹೆಂಗಸು ಮೊರೀನ್ ಕುರ್ಚಿ ಹತ್ತಿ, ಗಂಟೆಗೆ ಟವೆಲಿನಿಂದ ಗಾಳಿ ಹಾಕುತ್ತ, ಏನೂ ಆಗಿಲ್ಲವೆಂಬಂತೆ "ಒಳ್ಳೇ ವಾಸನೆ ಇದೆ," ಎಂದಳು. ಅರವತ್ತು ದಾಟಿದವಳು, ಗಟ್ಟಿ ದೇಹ, ಕತ್ತರಿಸಿದ ಬಿಳಿಗೂದಲು.

ತಪ್ಪಿಗೆ ಪರಿಹಾರವಾಗಿ ಜಲಜಕ್ಕ ಅವಳಿಗೆ ಚಟ್ನಿಪುಡಿ ಕೊಟ್ಟರು. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿ ತಿಂದ ಮೊರೀನಳ ಮುಖ ಕೆಂಪಗಾಯಿತು. ಇನ್ನೊಂದು ಚಮಚ ಹಾಕಿಕೊಂಡಳು. ಜಲಜಕ್ಕ ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಕೈಗಳನ್ನು. ಬೆರಳುಗಳ ತುಂಬ ಹಳೆಯ ಸಣ್ಣ ಗಾಯದ ಗೆರೆಗಳು.

"ನಸೀಮಾ, ಇವಳು ಹೋಟೆಲಿನವಳಲ್ಲ. ಇದು ಏಡಿ ಬಿಡಿಸಿದ ಕೈ."

ನಾನು ಅದನ್ನು ದಾಟಿಸುವಷ್ಟರಲ್ಲಿ ರೋಹಿತ್ ಬಂದು ದೋಣಿ ಕಾಯುತ್ತಿದೆ ಎಂದ.

ಸಮುದ್ರದ ಮೇಲೆ

ದೋಣಿ ಆಲನ್ ಎಂಬವನದು. ಎತ್ತರದ ಆಳು, ಸಾವಕಾಶದ ಮಾತು. ಅವನೇ ನಮಗೆ ತೋರಿಸಬೇಕಾಗಿದ್ದ ಮೀನುಗಾರ. ಕಂಪನಿಯವರು ತಮ್ಮ ಜೊತೆ ಕೂತು ಮಾತಾಡಿದರು, ತೊಂದರೆಯಾದ ಕಾಲಕ್ಕೆ ಮೀನುಗಾರರಿಗೆ ಪರಿಹಾರ ಕೊಟ್ಟರು, ಈಗಲೂ ಮೀನುಗಾರರ ಪ್ರತಿನಿಧಿ ಇದ್ದಾನೆ ಎಂದೆಲ್ಲ ಆಲನ್ ಹೇಳಿದ. ಸುಳ್ಳು ಹೇಳುತ್ತಿರುವ ಹಾಗೆ ಕಾಣಲಿಲ್ಲ. ಬಾಯಿಪಾಠ ಮಾಡಿದ ಹಾಗೆ ಕಂಡಿತು. ನಾನು ಒಂದೊಂದು ವಾಕ್ಯವನ್ನೂ ಬಿಡದೆ ದಾಟಿಸಿದೆ. ಮೀನುಗಾರರು, ಮೀನುಗಾರರಿಗೆ, ಮೀನುಗಾರರ ಜೊತೆ. ವಾಸಣ್ಣ ತಲೆಯಾಡಿಸುತ್ತ ದೋಣಿಯ ಕೋಣೆಯ ನಕ್ಷೆ, ಬಂದರಿನ ಫಲಕ, ಹಗ್ಗದ ಗಂಟು ಎಲ್ಲದರ ಫೋಟೋ ತೆಗೆಯುತ್ತಿದ್ದರು.

ಗಾಳಿಯಂತ್ರದ ಬುಡಕ್ಕೆ ಹೋದಾಗ ಕತ್ತೆತ್ತಿ ನೋಡಿದೆ. ಹಲಸೂರು ಕೆರೆಯನ್ನೇ ದೊಡ್ಡ ನೀರೆಂದು ತಿಳಿದು ಬೆಳೆದವಳು ನಾನು. ತಲೆಯ ಮೇಲೆ ಒಂದೊಂದೇ ರೆಕ್ಕೆ ಉಸಿರೆಳೆದಂಥ ಸದ್ದು ಮಾಡುತ್ತ ಇಳಿದು ಹೋಗುತ್ತಿತ್ತು. ಹೊಗೆಯಿಲ್ಲ, ಮಸಿಯಿಲ್ಲ. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಹಾಗೆ ಒಪ್ಪಿಕೊಂಡ ಮರುಗಳಿಗೆಯೇ ಕಂಬಿ ಹಿಡಿದು ಬಗ್ಗಿ ವಾಂತಿ ಮಾಡಿದೆ. ನನ್ನ ಪಕ್ಕದಲ್ಲೇ ರೋಹಿತ್ ಕೂಡ ಬಗ್ಗಿದ್ದ.

ನಲವತ್ತು ವರ್ಷ ಮೀನು ಮಾರಿದರೂ ಜಲಜಕ್ಕ ಕಡಲಿಗೆ ಇಳಿದದ್ದು ಅದೇ ಮೊದಲು. ಅವರು ಕಂಬಗಳನ್ನು ಒಂದು ಸಲ ನೋಡಿ ಮುಗಿಸಿ, ದೋಣಿಯ ಒಳಗೆಲ್ಲ ಓಡಾಡಿದರು. ಹಲಗೆಯ ಮೇಲೆ ಕೈ ಒರೆಸಿ ಮೂಸಿದರು. ನನ್ನ ಹತ್ತಿರ ಬಂದು ಬೆನ್ನು ನೀವುತ್ತ, "ಈ ದೋಣಿಗೆ ಮೀನಿನ ವಾಸನೆ ಇಲ್ಲ ಮಾರಾಯ್ತಿ. ಕಡೆಗೆ ಮೀನು ಹಿಡಿದದ್ದು ಯಾವಾಗ, ಕೇಳು," ಎಂದರು.

ರೋಹಿತ್ ಕೇಳಿಸಿಕೊಂಡ. "ಅದು ಈಗ ಬೇಡ ಮೇಡಂ," ಎಂದ. ನಾನು ಕೇಳಿದೆ.

ಆಲನ್ ಚುಕ್ಕಾಣಿಯಿಂದ ಕಣ್ಣು ತೆಗೆಯದೆ ಹೇಳಿದ. ಮೀನು ಹಿಡಿಯುವುದನ್ನು ಬಿಟ್ಟು ಕೆಲವು ವರ್ಷವಾಯಿತಂತೆ. ನೀರಿನಡಿ ಕೇಬಲ್ ಹಾಕುವಾಗ, ದುರಸ್ತಿಯಾಗುವಾಗ, ಬೇರೆ ಹಡಗುಗಳು ಹತ್ತಿರ ಬಾರದಂತೆ ದೋಣಿ ನಿಲ್ಲಿಸಿಕೊಂಡು ಕಾಯುವುದು ಈಗಿನ ಕೆಲಸ. ಸಂಬಳ ತಪ್ಪುವುದಿಲ್ಲ. ಅಳಿಯನಿಗೂ ಯಂತ್ರಗಳಲ್ಲೇ ಕೆಲಸ.

"ಖುಷಿಯಾಗಿದ್ದೀರಾ ಅಂತ ಕೇಳ್ತಿದ್ದಾರೆ," ಎಂದೆ, ವಾಸಣ್ಣನ ಪ್ರಶ್ನೆಯನ್ನು ದಾಟಿಸುತ್ತ.

"ಬದುಕಿದ್ದೇನೆ. ಎಷ್ಟೋ ದೋಣಿಗಳು ಇದಕ್ಕೆ ಮುಂಚೆಯೇ ಮುಳುಗಿದ್ದವು, ಸಾಲದಲ್ಲಿ," ಎಂದ ಆಲನ್. ನಂತರ ರೋಹಿತ್ ಕಡೆ ನೋಡಿ, "ಇದಕ್ಕಿಂತ ಹೆಚ್ಚು ನಾನು ಹೇಳುವ ಹಾಗಿಲ್ಲ," ಎಂದ. ಪರಿಹಾರದ ಒಪ್ಪಂದದಲ್ಲಿ ಹಾಗೆ ಇದೆಯಂತೆ. ಇಳಿಯುವಾಗ ನನ್ನ ಕೈ ಹಿಡಿದು ದಡಕ್ಕೆ ದಾಟಿಸಿ, ಮೆಲ್ಲಗೆ, "ಅತಿಥಿಗೃಹದಲ್ಲಿ ನನ್ನ ತಂಗಿ ಇದ್ದಾಳೆ. ಅವಳು ಯಾವುದಕ್ಕೂ ಸಹಿ ಹಾಕಿಲ್ಲ," ಎಂದ.

ಮೊರೀನಳ ಶೆಡ್ಡು

ಅತಿಥಿಗೃಹದಲ್ಲಿ ತಂಗಿಯಾಗಬಲ್ಲ ವಯಸ್ಸಿನವಳು ಮೊರೀನ್ ಒಬ್ಬಳೇ. ಮಧ್ಯಾಹ್ನ ರೋಹಿತ್ ಮಲಗಿದ್ದಾಗ ಅವಳು ನಮ್ಮನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋದಳು. ತಗಡಿನ ಶೆಡ್ಡು. ಒಳಗೆ ಉದ್ದನೆಯ ಕಲ್ಲುಮೇಜು, ಬತ್ತಿದ ನಲ್ಲಿಗಳು, ಗೋಡೆಯಲ್ಲಿ ಆರು ಮೊಳೆ. ಆರು ಹೆಂಗಸರ ಏಪ್ರನ್ನುಗಳು ಅಲ್ಲಿ ನೇತಾಡುತ್ತಿದ್ದವಂತೆ. ಅಣ್ಣ ತಂದ ಏಡಿಯನ್ನು ಬೇಯಿಸಿ, ಬಿಡಿಸಿ, ಮಾಂಸ ಮಾರುತ್ತಿದ್ದರು. ಕೇಬಲ್ ಹಾಕುವಾಗ ಸಮುದ್ರದಲ್ಲಿ ಏಡಿ ಹಿಡಿಯುವ ಜಾಗ ಮುಚ್ಚಿದರು. ಏಡಿ ಬರುವುದು ನಿಂತಿತು. ಆಮೇಲೆ ಜಾಗ ತೆರೆದರೂ ದೋಣಿಗಳು ಮೊದಲಿನ ಕೆಲಸಕ್ಕೆ ಮರಳಲಿಲ್ಲ.

"ಎಲ್ಲಾ ಯಂತ್ರದಿಂದಲೇ ಆಯ್ತು ಅಂತ ನಾನು ಹೇಳಲ್ಲ. ಏಡಿ ಮೊದಲೇ ಕಡಿಮೆಯಾಗ್ತಿತ್ತು. ಎಷ್ಟು ಅವರಿಂದ, ಎಷ್ಟು ತಾನಾಗಿ ಅನ್ನೋದನ್ನ ಯಾರೂ ಹೇಳಲಾರರು," ಎಂದಳು ಮೊರೀನ್. ಜಲಜಕ್ಕ ಕಲ್ಲುಮೇಜಿನ ಅಂಚನ್ನು ಮುಟ್ಟಿ ನೋಡುತ್ತಿದ್ದರು.

"ನಿಮಗೆ ಪರಿಹಾರ ಎಷ್ಟು ಕಾಲ ಕೊಟ್ಟರು, ಕೇಳು."

ದಾಟಿಸಿದೆ. ಮೊರೀನ್ ನಕ್ಕಳು. "ನನಗಾ? ನಾನು ಫಿಷರ್‌ಮನ್ ಅಲ್ವಲ್ಲ."

ನಾನು ಅದನ್ನು ಹಾಗೆಯೇ ಹೇಳಿದೆ: ನಾನು ಮೀನುಗಾರ ಅಲ್ಲವಲ್ಲ ಅಂತಿದ್ದಾರೆ. ಜಲಜಕ್ಕ ತಟ್ಟನೆ ನನ್ನ ಕಡೆ ತಿರುಗಿದರು.

"ಅಲ್ಲ ಎಂದರೆ? ಇಷ್ಟು ದಿನ ನೀನು ಮೀನುಗಾರರ ಜೊತೆ ಮಾತಾಡಿದ್ರು, ಮೀನುಗಾರರಿಗೆ ಕೊಟ್ರು ಅಂತ ಹೇಳಿದ್ದೆಲ್ಲ ಯಾರನ್ನು?"

ಚೀಲದಲ್ಲಿದ್ದ ಭೇಟಿ ಪತ್ರದ ಕರಡು ತೆಗೆದೆ. ಮೊದಲ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲೇ, ಇತ್ತು: ಈ ಪತ್ರದಲ್ಲಿ ಫಿಷರ್‌ಮೆನ್ ಎಂದರೆ ನೋಂದಾಯಿತ ದೋಣಿಯ ಮಾಲೀಕರು ಅಥವಾ ಅದನ್ನು ನಡೆಸುವವರು. ಬೆಂಗಳೂರಿನಲ್ಲೇ ಎರಡು ಸಲ ಓದಿದ್ದ ಸಾಲು. ಕನ್ನಡದಲ್ಲಿ ಮೀನುಗಾರರು ಎಂದರೆ ಹಿಡಿಯುವವರು, ಮಾರುವವರು, ಒಣಗಿಸುವವರು, ಇಡೀ ಕೇರಿಯೇ ಬರುತ್ತದೆ. ನಾನು ಆ ದೊಡ್ಡ ಪದವನ್ನು ಈ ಸಣ್ಣ ಪದದ ಮೇಲೆ ಹಾಸಿಬಿಟ್ಟಿದ್ದೆ. ಜಲಜಕ್ಕ ಇಷ್ಟು ದಿನವೂ ತಾವೂ ಆ ಲೆಕ್ಕದಲ್ಲಿದ್ದೇವೆ ಎಂದುಕೊಂಡೇ ಕೇಳುತ್ತಿದ್ದರು.

"ತಪ್ಪು ನನ್ನದು ಜಲಜಕ್ಕ. ಗಂಡಸರು, ದೋಣಿಯವರು ಅಂತ ಹೇಳ್ಬೇಕಿತ್ತು."

ರೋಹಿತ್‌ನನ್ನು, ಆಲನ್‌ನನ್ನು, ವಾಸಣ್ಣನನ್ನು, ತಪಾಸಣೆಯವನನ್ನೂ ಅನುಮಾನಿಸಿದ್ದ ನಾನು ನನ್ನ ಬಾಯಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಮೊರೀನ್ ಏನಾಯಿತೆಂದು ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದಳು.

ಕೊನೆಯ ದಿನ

ಬೆಳಿಗ್ಗೆ ತಿಂಡಿಯಾದ ಮೇಲೆ ರೋಹಿತ್ ಪತ್ರ ತಂದ. "ಎಲ್ಲಾ ಓದೋದು ಬೇಡ ಮೇಡಂ, ಸಾರಾಂಶ ಹೇಳ್ಬಿಡಿ ಸಾಕು. ರೈಲಿಗೆ ಟೈಮಾಗುತ್ತೆ."

ಸಾರಾಂಶ ಹೇಳುವುದನ್ನು ನಾನು ಆ ದಿನ ಬಿಟ್ಟೆ. ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದೆ. ಫಿಷರ್‌ಮೆನ್ ಬಂದಲ್ಲೆಲ್ಲ "ದೋಣಿಯ ಮಾಲೀಕರು ಅಥವಾ ದೋಣಿ ನಡೆಸುವವರು" ಎಂದೇ ಹೇಳಿದೆ. ದೋಣಿಯ ಮಾಲೀಕರು ಅಥವಾ ದೋಣಿ ನಡೆಸುವವರ ಜೊತೆ ಸಮಾಲೋಚನೆ ನಡೆಯಿತು. ದೋಣಿಯ ಮಾಲೀಕರು ಅಥವಾ ದೋಣಿ ನಡೆಸುವವರ ಪ್ರತಿನಿಧಿಗಳು ತೃಪ್ತರಾಗಿ ಹಿಂತಿರುಗಿದರು. ಕೆಳಗೆ ಇಬ್ಬರ ಹೆಸರು.

"ನನಗೆ ದೋಣಿ ಇಲ್ಲವಲ್ಲ. ನನ್ನ ಹೆಸರು ಯಾಕೆ ಉಂಟು?" ಎಂದರು ಜಲಜಕ್ಕ.

ರೋಹಿತ್ ಪತ್ರವನ್ನು ತನ್ನ ಕಡೆ ತಿರುಗಿಸಿ ಓದಿಕೊಂಡ. ಅವನೂ ಆ ಸಾಲನ್ನು ಮೊದಲ ಬಾರಿಗೆ ನೋಡುತ್ತಿದ್ದಾನೆ ಅನ್ನಿಸಿತು. ಅಥವಾ ಹಾಗೆ ತೋರಿಸಿಕೊಂಡ. ಇಂದಿಗೂ ನನಗೆ ಖಾತ್ರಿಯಿಲ್ಲ.

"ಇದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಅಕ್ಕ. ನಾನು ಬದಲಾಯಿಸೋಕಾಗಲ್ಲ. ವಾಸಣ್ಣ, ನೀವಾದ್ರೂ ಹಾಕಿ."

ವಾಸಣ್ಣ ಪೆನ್ನು ಕೈಗೆ ತೆಗೆದುಕೊಂಡರು. ನಾನು ಅಂದುಕೊಂಡದ್ದು ನಿಜವಾಯಿತು ಎಂದು ಮುಖ ತಿರುಗಿಸಿದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟು, ಫೋನು ತೆಗೆದು ಒಂದೊಂದೇ ಫೋಟೋ ಸರಿಸಿದರು. ಕೇಬಲಿನಿಂದ ಇಷ್ಟು ದೂರದೊಳಗೆ ಲಂಗರು ಹಾಕಬೇಡಿ ಎಂಬ ಫಲಕ. ಬಲೆ ಎಳೆಯುವ ದೋಣಿಗಳಿಗೆ ಎಚ್ಚರಿಕೆ ಬರೆದ ನಕ್ಷೆ. ಬಲೆಯೇ ಇಲ್ಲದ ಆಲನ್‌ನ ದೋಣಿ, ನಾಲ್ಕು ಕಡೆಯಿಂದ.

"ನಾನು ಎಲ್ಲದಕ್ಕೂ ಹೌದು ಹೌದು ಅಂದದ್ದು ನೀವು ಎಲ್ಲವನ್ನೂ ತೋರಿಸ್ಲಿ ಅಂತ," ಎಂದರು ರೋಹಿತ್‌ಗೆ, ಸಿಟ್ಟಿಲ್ಲದೆ. "ಫ್ಯಾನು ಬೇಡ ಅಂತ ನಾನು ಹೇಳುದಿಲ್ಲ. ನಮ್ಮೂರಲ್ಲೂ ಕರೆಂಟು ಬೇಕು. ಆದ್ರೆ ನನ್ನ ದೋಣಿಯಿಂದ ಇಳಿದ ಮೀನು ಇವರ ಕೈ ದಾಟದೆ ಒಂದು ದಿನವೂ ಪೇಟೆಗೆ ಹೋದದ್ದಿಲ್ಲ. ಇವರು ಇಲ್ಲದ ಕಾಗದಕ್ಕೆ ನಾನು ಹೇಗೆ ಸಹಿ ಹಾಕುದು?"

ನನಗೆ ತಲೆ ಎತ್ತಲಾಗಲಿಲ್ಲ. ಬೆಂಗಳೂರಿನಿಂದಲೂ ಈ ಮನುಷ್ಯನ ಒಂದೊಂದು ನಗುವಿಗೂ ಬೆಲೆ ಕಟ್ಟಿದ್ದೆ.

ರೋಹಿತ್ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದು, ಬೇಕಿದ್ದರೆ ಕೆಳಗೆ ನಿಮ್ಮ ಅಭಿಪ್ರಾಯ ಬರೆಯಿರಿ ಎಂದ. ಜಲಜಕ್ಕ ಹೇಳಿದರು, ನಾನು ಕನ್ನಡದಲ್ಲಿ ಬರೆದು ಅದರಡಿ ಇಂಗ್ಲಿಷಿನಲ್ಲಿ ಬರೆದೆ: "ಏಡಿ ಬಿಡಿಸುವ ಆರು ಹೆಂಗಸರು ಇದ್ದರು. ಅವರನ್ನು ಯಾರೂ ಕೇಳಲಿಲ್ಲ. ನಮ್ಮ ಊರಿನಲ್ಲಿ ಮೊದಲು ನಮ್ಮನ್ನು ಕೇಳಬೇಕು." ಇಬ್ಬರೂ ಆ ಸಾಲಿನ ಕೆಳಗೆ ಮಾತ್ರ ಸಹಿ ಹಾಕಿದರು. ವಾಸಣ್ಣ ಅದರ ಫೋಟೋವನ್ನೂ ತೆಗೆದುಕೊಂಡರು.

ಹೊರಡುವಾಗ ಜಲಜಕ್ಕ ಚಟ್ನಿಪುಡಿಯ ಡಬ್ಬವನ್ನು ಮೊರೀನಳ ಕೈಗೆ ಕೊಟ್ಟರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಏನೋ ಹೇಳಿಕೊಂಡರು. ನನ್ನನ್ನು ಕರೆಯಲಿಲ್ಲ, ನಾನೂ ಹತ್ತಿರ ಹೋಗಲಿಲ್ಲ.

ಲಿಂಗರಾಜಪುರ

ಆ ಕಚೇರಿಯಿಂದ ನನಗೆ ಮತ್ತೆ ಕರೆ ಬರಲಿಲ್ಲ. ಇನ್ನೊಂದು ತಂಡ ಹೋಯಿತಂತೆ, ಬೇರೆ ಅನುವಾದಕರ ಜೊತೆ. ರೋಹಿತ್ ಒಂದು ದಿನ ಇಮೇಲಿನಲ್ಲಿ ಭೇಟಿ ವರದಿ ಕಳಿಸಿದ. ಹೊಳಪಿನ ಪುಟಗಳು, ಗಾಳಿಯಂತ್ರದ ಮುಂದೆ ಜಲಜಕ್ಕನ ಫೋಟೋ. ನಮ್ಮ ಮೂರು ವಾಕ್ಯಗಳು ಕೊನೆಯ ಪುಟದಲ್ಲಿ, ಓದಲು ಕಣ್ಣಿಗೆ ಕಷ್ಟವಾಗುವಷ್ಟು ಚಿಕ್ಕದಾಗಿ ಇದ್ದವು. ಇಮೇಲಿನಲ್ಲಿ ಒಂದಕ್ಷರದ ಒಕ್ಕಣೆಯಿಲ್ಲ. ಅಷ್ಟನ್ನು ಉಳಿಸಲು ಅವನು ಜಗಳವಾಡಿದನೋ, ಅವನೇ ಅಷ್ಟಕ್ಕೆ ಇಳಿಸಿದನೋ, ತಿಳಿಯಲಿಲ್ಲ.

ಮಳೆಗಾಲ ಮುಗಿದು ದೋಣಿಗಳು ಇಳಿದ ಮೇಲೆ ಜಲಜಕ್ಕ ಫೋನ್ ಮಾಡಿದರು. ಕಚೇರಿಯವರು ಊರಿಗೆ ಬಂದಿದ್ದರಂತೆ. ಮೀನು ಒಣಗಿಸುವ ಅಂಗಳದಲ್ಲೇ ಸಭೆ, ಹೆಂಗಸರನ್ನೂ ಕರೆದಿದ್ದರು. ಎಲ್ಲರಿಗೂ ಒಂದೊಂದು ಅರ್ಜಿ ಹಂಚಿದರು. ಮೊದಲ ಖಾನೆಯಲ್ಲಿ ಮೀನುಗಾರರ ಹೆಸರು, ಎರಡನೆಯದರಲ್ಲಿ ದೋಣಿಯ ನಂಬರು.

"ನಂಬರು ಇಲ್ಲದವರು ಖಾಲಿ ಬಿಡಿ ಅಂದ್ರು. ಖಾಲಿ ಬಿಟ್ರೆ ಎಂತ ಆಗ್ತದೆ ಅಂತ ನಂಗೆ ಗೊತ್ತುಂಟಲ್ಲ."

"ಮತ್ತೆ ಏನು ಬರೆದ್ರಿ?"

"ಬುಟ್ಟಿ ಅಂತ ಬರೆದೆವು. ಎಲ್ಲರೂ."

ಅರ್ಜಿಗಳನ್ನು ತೆಗೆದುಕೊಂಡು ಹೋದವರು ಇನ್ನೂ ಏನೂ ಹೇಳಿಲ್ಲವಂತೆ. "ವಾಪಸು ಕಳಿಸ್ಲಿಲ್ಲ ಅಂದ್ರೆ ಒಪ್ಪಿದ್ರು ಅಂತಲಾ, ಬಿಸಾಡಿದ್ರು ಅಂತಲಾ?" ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ. ಅರ್ಜಿಯ ಇನ್ನೊಂದು ಪ್ರತಿ ಇದೆಯೇ ಎಂದು ವಿಚಾರಿಸಿದೆ. ವಾಸಣ್ಣ ಎಲ್ಲದರ ಫೋಟೋ ತೆಗೆದಿಟ್ಟಿದ್ದಾರೆ ಎಂದರು ಜಲಜಕ್ಕ.